ನೂಲೆಳೆ ಅಳಿಸಿದ ಸಾಲುಗಳು

ಸಿದ್ದರಾಯ ಸರ್ ಬರೆದದ್ದನ್ನು ಅಳಿಸುವ ಕೆಲಸ ಸ್ನೇಹಲಳ ಪಾಲಿಗೆ ಬಂದಿತ್ತು. ಬಂದಿತ್ತೇನು, ತಾನೇ ಮೈಮೇಲೆ ಎಳೆದುಕೊಂಡಿದ್ದಳು.

ಸರ್ ಗಡಿಯಾಚೆಯ ಗಡಹಿಂಗ್ಲಜದ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ಮಂದೆಯ ನಡುವೆ ಬಯಲಲ್ಲಿ ಮಲಗಿ ಬೆಳೆದದ್ದರಿಂದ ಆಕಾಶದ ಹುಚ್ಚು ಹತ್ತಿತ್ತು. ಯಾರು ಬೇಕಾದರೂ ಬರೆದು, ಯಾರು ಬೇಕಾದರೂ ತಿದ್ದಬಹುದಾದ ಒಂದು ಜಾಲತಾಣದಲ್ಲಿ, ಗೆಲಾಕ್ಸಿಗಳ ಬಗ್ಗೆ ಯಾರು ಯಾವ ವರ್ಷ ಏನು ಕಂಡುಹಿಡಿದರೆಂದು ಅವರು ಕನ್ನಡದಲ್ಲಿ ಸಾಲುಸಾಲಾಗಿ ಬರೆಯುತ್ತಿದ್ದರು. ಅವರ ಶಿಷ್ಯೆ ಸ್ನೇಹಲ ಇಚಲಕರಂಜಿಯ ನೂಲಿನ ವ್ಯಾಪಾರಿಗಳ ಸೊಸೆಯಾದ ಮೇಲೂ ಜೊತೆಗೂಡಿದ್ದಳು. ಮನೆಯವರೆಲ್ಲ ನೂಲಿನ ದರ ಮಾತಾಡುವಾಗ ಇವಳು ಲಾರ್ಡ್ ರಾಸ್ ಸುರುಳಿ ಗೆಲಾಕ್ಸಿ ಕಂಡ ವರ್ಷ ಹುಡುಕುತ್ತ ಕೂತಿರುತ್ತಿದ್ದಳು. ಇಂಥ ಹುಚ್ಚು ಅಂಟಿಕೊಂಡರೆ ಬಿಡುವುದಿಲ್ಲ.

ಹೋದ ವರ್ಷದಿಂದ ಸರ್ ಕೈಯಿಂದ ಇಸವಿಗಳು ಜಾರತೊಡಗಿದವು. ಹಬಲ್ ದೇವಯಾನಿ ಗೆಲಾಕ್ಸಿಯ ದೂರ ಅಳೆದದ್ದು ೧೬೧೦ರಲ್ಲಿ ಎಂದು ಬರೆದರು. ಆ ಇಸವಿಯ ಗೆಲಿಲಿಯೊನನ್ನು ಎತ್ತಿ ತಂದು ಹಬಲ್ ಇದ್ದ ಇಪ್ಪತ್ತನೆಯ ಶತಮಾನದಲ್ಲಿ ಕೂರಿಸಿದರು. ಒಂದು ಇಸವಿ ತಪ್ಪಿದರೆ ಇಡೀ ಉತ್ತರಕ್ಕೆ ಸೊನ್ನೆ ಹಾಕುತ್ತಿದ್ದ ಮನುಷ್ಯ! ಕೊಲ್ಹಾಪುರದ ಡಾಕ್ಟರು ಮರೆವಿನ ಕಾಯಿಲೆ ಎಂದರು, ಮನಸ್ಸಿಗೆ ಕೆಲಸ ಕೊಡಿ ಎಂದರು. ಅವರಿಗಿದ್ದ ಕೆಲಸ ಇದೊಂದೇ. ಜಾಲತಾಣದ ನಿರ್ವಾಹಕರಿಗೆ ಅದೆಲ್ಲ ಏನು ಗೊತ್ತು? ತಪ್ಪು ನಿಲ್ಲದಿದ್ದರೆ ಈ ಖಾತೆ ಮುಚ್ಚುತ್ತೇವೆ ಎಂದು ಎಚ್ಚರಿಕೆ ಹಾಕಿದರು. ಅವರ ಕಣ್ಣಿಗೆ ಬೀಳುವ ಮೊದಲೇ ಅಳಿಸಿಬಿಡುವುದೊಂದೇ ದಾರಿ. ತನ್ನ ಹೆಸರು ಕಂಡರೆ ಸರ್ ನೊಂದುಕೊಂಡಾರೆಂದು ಸ್ನೇಹಲ 'ನೂಲೆಳೆ' ಎಂಬ ಬೇರೆ ಹೆಸರಿನಿಂದ ಅಳಿಸತೊಡಗಿದಳು.

ಒಂದು ಮಧ್ಯಾಹ್ನ ಸರ್ ಫೋನು ಬಂತು.

"ತಂಗಿ, ಯಾರಂವ ನೂಲೆಳೆ? ನಾ ಬರದದ್ದೆಲ್ಲಾ ಅಳಸಾಕತ್ತಾನ. ಅಂವನ ಮ್ಯಾಲ ತಕ್ರಾರ ಹಾಕೂಣು. ನೀ ಬಂದು ಬರಕೊಡು."

ಇಂದು ನಿಜ ಹೇಳಿಬಿಡುವುದೇ ಸೈ ಎಂದು ಸ್ನೇಹಲ ಎಸ್‌ಟಿ ಬಸ್ಸು ಹತ್ತಿ ಗಡಹಿಂಗ್ಲಜಕ್ಕೆ ಹೋದಳು. ಸರ್ ಪಡಸಾಲೆಯಲ್ಲಿ ಟ್ಯಾಬ್ ಹಿಡಿದು ಕಾಯುತ್ತಿದ್ದರು. ಅವರ ಸೊಸೆ ಸಾರಿಕಾ ಚಹಾ ಕೊಟ್ಟು ಒಳಗೆ ಹೋದಳು. ಸ್ನೇಹಲ, ತಾನು ಅಳಿಸಿದರೂ ಅವರು ಮತ್ತೆ ಬರೆದಿದ್ದ ಹಬಲ್‌ನ ಸಾಲನ್ನು ತೋರಿಸಿದಳು.

"ಸರ್, ಈ ಇಸವಿ ಒಮ್ಮೆ ನೋಡ್ರಿ."

ಸರ್ ಕನ್ನಡಕ ಸರಿಮಾಡಿಕೊಂಡು ಓದಿದರು. ಮತ್ತೊಮ್ಮೆ ಓದಿದರು.

"ಇದರಾಗ ಏನ ತಪ್ಪೈತಿ?" ಎಂದು ಮಗುವಿನ ಹಾಗೆ ಅವಳ ಮುಖ ನೋಡಿದರು.

ಹೇಳಬೇಕೆಂದು ಬಂದ ಮಾತನ್ನು ಸ್ನೇಹಲ ಬಿಟ್ಟುಬಿಟ್ಟಳು. ಬದಲಿಗೆ ಅವಳು ತಪ್ಪುಗಳ ಸಮೇತ ಇಡೀ ಪಟ್ಟಿಯನ್ನು ನಕಲು ಮಾಡಿ, ನಿರ್ವಾಹಕರೂ ಬೇರೆ ಯಾರೂ ಬಂದು ನೋಡದ ಒಂದು ಅಭ್ಯಾಸದ ಪುಟದಲ್ಲಿ ಹಾಕಿದಳು. ಟ್ಯಾಬ್ ತೆರೆದರೆ ಆ ಪುಟವೇ ಬರುವಂತೆ ಮಾಡಿಟ್ಟಳು.

"ತಕ್ರಾರ ಹಾಕೇನ್ರಿ ಸರ್. ಇನ್ನ ಅಂವ ಬರಂಗಿಲ್ಲ" ಎಂದಳು. ಗುರುಗಳಿಗೆ ಹಸಿ ಸುಳ್ಳು ಹೇಳಿ ಬಸ್ಸು ಹತ್ತಿದವಳಿಗೆ ನಿಪ್ಪಾಣಿ ದಾಟುವವರೆಗೂ ಅಳು ನಿಲ್ಲಲಿಲ್ಲ.

ಕೆಲವು ವಾರ ಎಲ್ಲ ಸುಮ್ಮನಿತ್ತು. ಆಮೇಲೆ ಸರ್ ಮತ್ತೆ ಫೋನು ಮಾಡಿದರು. ದನಿ ಇಳಿದಿತ್ತು.

"ಈಗ ಯಾರೂ ಅಳಸವಲ್ರು ತಂಗಿ."

"ಚೊಲೋ ಆತಲ್ರಿ ಸರ್."

"ಏನ್ ಚೊಲೋ? ಯಾರೂ ಓದವಲ್ರು. ಆ ನೂಲೆಳೆ ಭಾಳ ಬೆರಕಿ ಇದ್ದ ಖರೇ. ಆದ್ರ ಒಂದ್ ಸಾಲೂ ಬಿಡದ ಓದತಿದ್ದ."

ಇದೊಂದು ಅವಳಿಗೆ ಹೊಳೆದೇ ಇರಲಿಲ್ಲ. ಸರ್ ಅವರನ್ನು ಉಳಿಸಲು ಹೋಗಿ ಹಾಳು ಬಾವಿಯಲ್ಲಿ ಕೂರಿಸಿ ಬಂದಿದ್ದಳು. ಫೋನಿಟ್ಟವಳೇ ನೂಲೆಳೆಯಾಗಿ ಆ ಪುಟಕ್ಕೆ ಹೋಗಿ ಒಂದು ಸಾಲು ಅಳಿಸಿದಳು. ಮರುದಿನ ಬೆಳಿಗ್ಗೆಯೇ ಫೋನು ಗಣಗಣ ಎಂದಿತು.

"ಬಂದ್ನವ್ವಾ ಮತ್ತ, ಹಲ್ಕಟ್ಟ್ ನನ್ಮಗ! ನಾ ಬಿಡಂಗಿಲ್ಲ ಅಂವನ್ನ!"

"ಬಿಡಬ್ಯಾಡ್ರಿ ಸರ್" ಎಂದಳು ಸ್ನೇಹಲ. ಬೈಗುಳ ತಿಂದು ಅಷ್ಟು ಖುಷಿಪಟ್ಟವರು ಇಚಲಕರಂಜಿಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಚಳಿಗಾಲ ಪೂರ್ತಿ ಹೀಗೇ ನಡೆಯಿತು. ಇವಳು ಅಳಿಸುವುದು, ಅವರು ಮತ್ತೆ ಬರೆದು ಬೈಯುವುದು.

ಬೇಸಿಗೆಯಲ್ಲಿ ಒಂದು ಸಾಲು ಅಳಿಸಿದಳು, ಫೋನು ಬರಲಿಲ್ಲ. ಇನ್ನೊಂದು ಅಳಿಸಿದಳು. ಅದಕ್ಕೂ ಇಲ್ಲ. ದಿಗಿಲುಬಿದ್ದು ಸರ್ ಬರೆದ ತಪ್ಪು ಸಾಲುಗಳನ್ನೆಲ್ಲ ಒಂದೇ ಏಟಿಗೆ ತೆಗೆದುಹಾಕಿ, ಫೋನು ಕೈಯಲ್ಲೇ ಹಿಡಿದು ಕೂತಳು. ಕೊನೆಗೆ ತಡೆಯಲಾರದೆ ತಾನೇ ಸಾರಿಕಾಳಿಗೆ ಫೋನು ಹಚ್ಚಿದಳು.

"ಸರ್ ಆರಾಮ ಅದಾರೇನ?"

"ಆರಾಮ ಅದಾರ್ರಿ ಅಕ್ಕಾರ. ಈಗ ಆ ಪುಟಾನ ಓದಿಕೋತ ಕುಂತಿದ್ರು. 'ಯಾರೋ ಭಾಳ ಚೊಲೋ ಬರದಾರ, ಎಲ್ಲಾ ಬರೋಬ್ಬರಿ ಐತಿ' ಅಂದ್ರು. ಟ್ಯಾಬ್ ನನ್ನ ಕೈಯಾಗ ಕೊಟ್ಟು ಮಲಕೊಂಡ್ರು."

ಸ್ನೇಹಲ ಫೋನಿಟ್ಟಳು. ಆಮೇಲೆ ಅವರ ಸಾಲುಗಳನ್ನು ಒಂದೊಂದಾಗಿ ಮರಳಿ ಹಾಕತೊಡಗಿದಳು. ಹಬಲ್ ೧೬೧೦ರಲ್ಲೇ ಇರಲಿ, ಗೆಲಿಲಿಯೊ ಎಲ್ಲಿ ಕೂತಿದ್ದನೋ ಅಲ್ಲೇ ಇರಲಿ. ಎಲ್ಲ ಮುಗಿದ ಮೇಲೆ ಪುಟವನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಸಾಲೂ ಬಿಡದೆ ಓದಿದಳು.