ರಟ್ಟಿನೊಳಗಿನ ಆರು ಅರ್ಜಿ

ಎಲುಬಿಲ್ಲದ ನಾಲಿಗೆ ಹೇಗೆ ಬೇಕಾದರೂ ಹೊರಳುತ್ತದೆ, ಒಪ್ಪೋಣ. ಆದರೆ ಎಪ್ಪತ್ತೊಂಬತ್ತು ವರ್ಷದ ಮುದುಕಿಯ ಮನೆಯಲ್ಲಿ ಹೊಟ್ಟೆತುಂಬ ಉಂಡು, ಕೈ ತೊಳೆಯುವ ಮೊದಲೇ "ನಿಮ್ಮಪ್ಪ ಅಂಟಜ್ಜನಿಗೆ ಹುಟ್ಟಿದವರಲ್ಲವಂತಲ್ಲ, ನಿಮಗೆ ಗೊತ್ತಿಲ್ವಾ?" ಎಂದು ಕೇಳುವವನಿಗೆ ಏನನ್ನೋಣ? ದೂರದ ನೆಂಟ ಅಷ್ಟು ಕೇಳಿ ಚಪ್ಪಲಿ ಮೆಟ್ಟಿಕೊಂಡು ನಡೆದ. ಆ ಮುದುಕಿ ಪುಟ್ಟಿಯ ಅತ್ತೆ; ಅವಳ ಊಟ ಅವತ್ತಿನಿಂದ ಅರ್ಧಕ್ಕಿಳಿಯಿತು.

ಅಂಟಜ್ಜ ಅಂದರೆ ಅತ್ತೆಯ ಅಪ್ಪನ ಅಪ್ಪ. ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್; ಬೆರಳಿಗೆ ಸದಾ ಒಣಗಿದ ಅಂಟು ಮೆತ್ತಿಕೊಂಡಿರುತ್ತಿದ್ದದ್ದಕ್ಕೆ ಆ ಹೆಸರು. ಅತ್ತೆ ಅವನ ತೊಡೆಯ ಮೇಲೆ ಕೂತು ಸೂಜಿಗೆ ದಾರ ಪೋಣಿಸಲು ಕಲಿತವಳು, ಆಮೇಲೆ ಐವತ್ತು ವರ್ಷ ಅದೇ ಅಂಗಡಿಯಲ್ಲಿ ಹಾಳೆ ಹೊಲಿದವಳು. ಈಗ ಅಂಗಡಿ ಅವಳ ತಮ್ಮನ ಮಗಳ ಕೈಯಲ್ಲಿದೆ. ಆಕೆಗೆ ನಲವತ್ತೆಂಟಾದರೂ ಅತ್ತೆಯ ಬಾಯಲ್ಲಿ ಇನ್ನೂ ಪುಟ್ಟಿ.

"ಈ ಅಗಲ ಹೆಬ್ಬೆರಳು ಅಂಟಜ್ಜಂದೇ ಅಂತ ಕಂಡಕಂಡವರಿಗೆಲ್ಲ ತೋರಿಸಿಕೊಂಡು ಬಂದೆನಲ್ಲೇ ಪುಟ್ಟಿ! ಇದು ಇನ್ಯಾರ ಹೆಬ್ಬೆರಳೋ ಏನೋ. ನಾನು ಅವನ ಮೊಮ್ಮಗಳು ಹೌದೋ ಅಲ್ವೋ, ಅದೊಂದು ತಿಳಿಸಿಬಿಡು. ಆಮೇಲೆ ಸಾಯೋ ವಿಚಾರ ಮಾಡ್ತೀನಿ."

"ಸಾಯೋಕೂ ಕಾಗದ ಪತ್ರ ಬೇಕಾ ನಿನಗೆ?" ಎಂದು ಪುಟ್ಟಿ ರೇಗಿಸಿದಳು. ಅತ್ತೆ ನಗಲಿಲ್ಲ. ಅಲ್ಲಿಗೆ ವಿಷಯ ಗಂಭೀರ ಎಂದು ಪುಟ್ಟಿಗೆ ಅರ್ಥವಾಯಿತು. ತನ್ನನ್ನು ಯಾರಾದರೂ ಬೈದರೂ ನಗುವ ಹೆಂಗಸು ಅದು.

ಮರುದಿನ ಅಂಗಡಿಗೆ ಬೀಗ ಹಾಕಿ ಇಬ್ಬರೂ ದಾಖಲೆ ಕಚೇರಿಗೆ ಹೋದರು. ಸ್ವೆಟರ್ ತೊಟ್ಟ ಗುಮಾಸ್ತ ಕೆಮ್ಮುತ್ತಾ ಹೋಗಿ, ಕೆಮ್ಮುತ್ತಾ ಬಂದು, ಅತ್ತೆಯ ಅಪ್ಪ ಹುಟ್ಟಿದ ವರ್ಷದ ಜನನ ರಿಜಿಸ್ಟರನ್ನು ಮೇಜಿನ ಮೇಲಿಟ್ಟ. ಪುಟ್ಟಿ ಹೆಸರುಗಳ ಮೇಲೆ ಬೆರಳಾಡಿಸಿ ಸಾಲು ಹುಡುಕಿದಳು. ಮಗುವಿನ ಹೆಸರಿತ್ತು, ತಾಯಿಯ ಹೆಸರಿತ್ತು. ತಂದೆಯ ಹೆಸರಿರಬೇಕಾದಲ್ಲಿ ಒಂದು ಗೀಟು.

ಅತ್ತೆ ಆ ಗೀಟನ್ನೇ ನೋಡಿದಳು. "ಹೌದಾ. ಸರಿ ಬಿಡು," ಎಂದು ಹೋಗಿ ಬೆಂಚಿನ ಮೇಲೆ ಕೂತಳು. ಅಳಲಿಲ್ಲ. ಅತ್ತಿದ್ದರೇ ಚೆನ್ನಾಗಿತ್ತು ಎನಿಸಿತು ಪುಟ್ಟಿಗೆ.

ಬೈಂಡರಿನ ಕೈ ಸುಮ್ಮನಿರುವುದಿಲ್ಲ. ಪುಟ್ಟಿ ರಿಜಿಸ್ಟರಿನ ಬೆನ್ನು ಸವರಿದಳು, ಹೊಲಿಗೆ ನೋಡಿದಳು. ಗಂಟು ತಮ್ಮ ಅಂಗಡಿಯದೇ. ಆ ಕಾಲದಲ್ಲಿ ಕಚೇರಿಯವರು ಹತ್ತು ವರ್ಷಕ್ಕೊಮ್ಮೆ ರಿಜಿಸ್ಟರುಗಳನ್ನೆಲ್ಲ ಹೊಸ ರಟ್ಟು ಹಾಕಲು ಅಂಟಜ್ಜನ ಹತ್ತಿರ ಕಳಿಸುತ್ತಿದ್ದರಂತೆ. ರಟ್ಟು ದಪ್ಪವಾಗಲಿ ಎಂದು ಅವನು ಒಳಗೆ ರದ್ದಿ ಕಾಗದ ಸೇರಿಸಿ ಅಂಟಿಸುತ್ತಿದ್ದ. ಈಗಲೂ ಅಂಗಡಿಯಲ್ಲಿ ಅದೇ ಪದ್ಧತಿ. ಆದರೆ ಈ ರಿಜಿಸ್ಟರಿನ ಹಿಂಬದಿಯ ರಟ್ಟು ಒತ್ತಿದರೆ ಮೆತ್ತಗೆ ತಗ್ಗುತ್ತಿತ್ತು. ಪೂರ್ತಿ ಅಂಟಿಸಿದ ರಟ್ಟು ಹಾಗೆ ತಗ್ಗುವುದಿಲ್ಲ. ಅಂಟಜ್ಜ ಇಂಥ ಕಳ್ಳ ಕೆಲಸ ಮಾಡುವವನೇ? ಸಾಧ್ಯವೇ ಇಲ್ಲ!

"ಸ್ವಾಮಿ, ಈ ರಟ್ಟಿನ ಮೂಲೆ ಬಿಟ್ಟಿದೆ. ನಾನು ಬೈಂಡರ್. ಬಿಚ್ಚಿ ಸರಿಮಾಡಿ ಕೊಡ್ಲಾ? ನಿಮ್ಮ ಕಣ್ಣೆದುರಿಗೇ ಮಾಡ್ತೀನಿ."

ಗುಮಾಸ್ತ ಒಳಗೆ ಹೋಗಿ ಮೇಲಧಿಕಾರಿಯನ್ನು ಕೇಳಿ ಬಂದ. "ಪುಕ್ಕಟೆ ಅಂದ್ರೆ ಮಾಡಿ ಅಂದ್ರು."

ಒದ್ದೆ ಬಟ್ಟೆ ಇಟ್ಟು, ಕಾದು, ಪುಟ್ಟಿ ಮೇಲಿನ ಹಾಳೆಯನ್ನು ಮೆಲ್ಲಗೆ ಎಬ್ಬಿಸಿದಳು. ಒಳಗೆ ಆರು ಕಾಗದಗಳು, ಒಂದರ ಮೇಲೊಂದು. ಅಂಟು ಅಂಚಿಗೆ ಮಾತ್ರ. ಅಕ್ಷರದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಎಲ್ಲದರ ಕೆಳಗೂ ಅಂಟಜ್ಜನ ರುಜು.

ಮೊದಲನೆಯದನ್ನು ಪುಟ್ಟಿ ಮನಸ್ಸಿನಲ್ಲೇ ಓದಿಕೊಂಡು ಅತ್ತೆಯತ್ತ ನೋಡಿದಳು. ಹೇಳುವುದೋ, ಮಡಚಿ ಒಳಗಿಡುವುದೋ?

"ಏನೇ ಅದು? ಮುಖ ಯಾಕೆ ಹಾಗಾಯ್ತು? ಗಟ್ಟಿಯಾಗಿ ಓದು. ನನಗೆ ಕನ್ನಡಕ ಇಲ್ಲ, ಕಿವಿ ಇದೆ," ಎಂದಳು ಅತ್ತೆ ಬೆಂಚಿನಿಂದಲೇ.

ಪುಟ್ಟಿ ಓದಿದಳು. "'ಮಹಾಸ್ವಾಮಿಗಳಿಗೆ ಬೈಂಡರನ ಅರ್ಜಿ. ಈ ಮಗು ಹುಟ್ಟಿದಾಗ ನಾನು ಇವನ ತಾಯಿಯನ್ನು ಕಂಡೇ ಇರಲಿಲ್ಲ, ಸುಳ್ಳು ಹೇಳುವುದಿಲ್ಲ. ಮಗುವಿಗೆ ಒಂಬತ್ತು ತಿಂಗಳಾದಾಗ ಅವಳನ್ನು ಮದುವೆಯಾದೆ. ಮಗು ಮೊದಲು ಆಡಿದ ಮಾತು ಅಪ್ಪಾ ಎಂದು, ಅದೂ ನನ್ನನ್ನು ನೋಡಿ. ಆದ್ದರಿಂದ ತಂದೆಯ ಜಾಗದಲ್ಲಿ ನನ್ನ ಹೆಸರು ಬರೆಯಬೇಕೆಂದು ಬೇಡಿಕೊಳ್ಳುತ್ತೇನೆ.'"

ಕೆಳಗೆ ಕೆಂಪು ಶಾಯಿಯಲ್ಲಿ: ಹೆತ್ತ ತಂದೆ ಅಲ್ಲವೆಂದು ಅರ್ಜಿದಾರನೇ ಒಪ್ಪಿರುತ್ತಾನೆ. ತಿರಸ್ಕರಿಸಿದೆ.

ಎರಡನೆಯದು ಮರುವರ್ಷದ್ದು. ಮಗುವಿಗೆ ಜ್ವರ ಬಂದು ವಾಸಿಯಾಯಿತು, ಈಗಲಾದರೂ ಬರೆಯಿರಿ ಎಂದು. ತಿರಸ್ಕರಿಸಿದೆ. ಹೀಗೇ ವರ್ಷಕ್ಕೊಂದು. ಆರನೆಯದರಲ್ಲಿ, 'ಮಗನನ್ನು ಶಾಲೆಗೆ ಸೇರಿಸಿದೆ. ತಂದೆ ಯಾರೆಂದು ಮೇಷ್ಟರು ಕೇಳಿದರು, ನಾನು ಎಂದೆ, ಬರೆದುಕೊಂಡರು. ಮೇಷ್ಟರಿಗೆ ಇಲ್ಲದ ಕಷ್ಟ ತಮಗೇಕೆ?'

ಗುಮಾಸ್ತನಿಗೆ ನಗು ತಡೆಯಲಾಗಲಿಲ್ಲ. ನಕ್ಕು, ಅದರಿಂದಲೇ ಕೆಮ್ಮು ಹತ್ತಿಸಿಕೊಂಡ.

ಪುಟ್ಟಿಗೆ ನಗು ಬರಲಿಲ್ಲ. ರಟ್ಟು ಹಾಕಲು ಬಂದ ಈ ರಿಜಿಸ್ಟರು ವಾರಗಟ್ಟಲೆ ಅಂಟಜ್ಜನ ಮನೆಯಲ್ಲೇ ಇದ್ದಿರಬೇಕು. ಲೇಖನಿಯೂ ಇತ್ತು, ಶಾಯಿಯೂ ಇತ್ತು. ಆ ಗೀಟಿನ ಮೇಲೆ ತನ್ನ ಹೆಸರು ಗೀಚಿಕೊಂಡಿದ್ದರೆ ಕೇಳುವವರು ಯಾರಿದ್ದರು? ಪುಣ್ಯಾತ್ಮ ಮಾಡಲಿಲ್ಲ. ತನ್ನ ಅರ್ಜಿಗಳನ್ನೆಲ್ಲ ಮಗನ ಹೆಸರಿದ್ದ ಪುಸ್ತಕಕ್ಕೇ ಹೊದಿಸಿ ಸುಮ್ಮನಾಗಿದ್ದ.

"ಒಂದೇ ಒಂದು ಸುಳ್ಳು ಹೇಳಿದ್ದರೆ ಮೊದಲನೇ ದಿನವೇ ಮುಗೀತಿತ್ತಲ್ಲೇ," ಎಂದಳು ಅತ್ತೆ. ಈಗ ಅವಳ ಕಣ್ಣಲ್ಲಿ ನೀರು ಧಾರಾಕಾರ. "ಆರು ವರ್ಷ ಬಂದಿದ್ದಾನೆ ಕಣೇ! ನಮ್ಮಪ್ಪನನ್ನ ಹೆತ್ತವನು ಯಾವನೋ, ಒಂದು ದಿನವಾದರೂ ಈ ಬಾಗಿಲಿಗೆ ಬಂದಿದ್ದನಾ? ಅಂಟಜ್ಜ ಬಂದ. ಅಯ್ಯೋ ನನ್ನಪ್ಪಾ!"

ಪುಟ್ಟಿ ಪಕ್ಕದಲ್ಲಿ ಕೂತು ಅವಳ ಭುಜ ಹಿಡಿದುಕೊಂಡಳು. ಅವಳ ಮೇಲೆ ಎಂದಿಗಿಂತ ಹೆಚ್ಚು ಪ್ರೀತಿ ಉಕ್ಕಿತು, ತಾನೂ ಅತ್ತಳು.

ಅರ್ಜಿಗಳು ಕಚೇರಿಯ ಸ್ವತ್ತು, ಒಯ್ಯುವಂತಿಲ್ಲ, ಬೇಕಾದರೆ ನಕಲು ಕೊಡಬಹುದು ಎಂದು ಗುಮಾಸ್ತ ಒಂದು ಫಾರಂ ಕೊಟ್ಟ. ಪುಟ್ಟಿ ಅದನ್ನು ಅತ್ತೆಯ ಹೆಸರಿನಲ್ಲಿ ತುಂಬುತ್ತಾ ಹೋದಳು. 'ಬರೆದವರಿಗೂ ನಿಮಗೂ ಇರುವ ಸಂಬಂಧ' ಎನ್ನುವಲ್ಲಿ ಪೆನ್ನು ನಿಂತಿತು.

ಅತ್ತೆ ಪೆನ್ನು ಕಿತ್ತುಕೊಂಡಳು. ಕನ್ನಡಕವಿಲ್ಲದಿದ್ದರೂ ದೊಡ್ಡ ಅಕ್ಷರದಲ್ಲಿ, ಗೆರೆ ದಾಟಿಸಿ, 'ಮೊಮ್ಮಗಳು' ಎಂದು ಬರೆದಳು.

ಗುಮಾಸ್ತ ಅದನ್ನು ನೋಡಿ ತಲೆ ಕೆರೆದುಕೊಂಡ. "ಅಮ್ಮಾ, ರಿಜಿಸ್ಟರಿನಲ್ಲಿ ತಂದೆಯ ಜಾಗ ಖಾಲಿ ಇದೆ. ನೀವು ಹೀಗೆ ಬರೆದರೆ ಮೇಲಿನವರು ತಿರಸ್ಕರಿಸ್ತಾರೆ."

"ತಿರಸ್ಕರಿಸಲಿ ಬಿಡಪ್ಪ," ಎಂದಳು ಅತ್ತೆ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ. "ಮುಂದಿನ ವರ್ಷ ಮತ್ತೆ ಬರ್ತೀನಿ. ಈ ಹಠ ನನಗೆ ನಮ್ಮಜ್ಜನಿಂದ ಬಂದದ್ದು."