ಕೊನೆಯ ಶನಿವಾರದ ಹಂಡೆ

ಟಾಲಿವರ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ಯಾವ ಶನಿವಾರ ಯಾರ ಜೊತೆ ಆಡಬೇಕೆಂದು ಗೊತ್ತುಮಾಡುವವಳು ಲೋರ್ನಾ ಪೆಟ್ಟಸ್. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ಕೋಚ್‌ಗಳು ಬಂದರು, ಹೋದರು, ಇಬ್ಬರು ಕೋರ್ಟಿಗೂ ಹೋದರು. ಪಂದ್ಯಗಳ ಚೀಟಿ ಅಂಟಿಸುವ ಗೋಡೆಯ ಮೇಲಿನ ಹಸಿರು ಹಲಗೆ ಮತ್ತು ಅದರ ಮುಂದಿನ ಲೋರ್ನಾ ಮಾತ್ರ ಅಲ್ಲೇ ಉಳಿದರು.

ವರ್ಷಕ್ಕೆ ಹನ್ನೆರಡು ಪಂದ್ಯ. ಅದರಲ್ಲಿ ಒಂಬತ್ತನ್ನು ಟಾಲಿವರ್ ಸೇರಿದ ಕಾಲೇಜುಗಳ ಒಕ್ಕೂಟದವರು ತಾವೇ ಬರೆದು ಕಳಿಸುತ್ತಾರೆ, ಅವರ ಮುಂದೆ ಬಾಯಿ ಬಿಡುವಂತಿಲ್ಲ. ಉಳಿದ ಮೂರು ಹೊರಗಿನವರ ಜೊತೆ, ಅವು ಮಾತ್ರ ಲೋರ್ನಾಳ ಕೈಯವು. ಆ ಮೂರರ ಬಗ್ಗೆ ಅವಳಿಗೆ ಅವಳದೇ ಲೆಕ್ಕವಿತ್ತು. ಒಂದು, ನಮಗಿಂತ ಬಹಳ ದೊಡ್ಡವರ ಜೊತೆ. ನಮ್ಮ ಎತ್ತರ ಎಷ್ಟೆಂದು ನಮಗೇ ತಿಳಿಯಬೇಕು. ಇನ್ನೊಂದು, ಕೆಳದರ್ಜೆಯ ಒಂದು ಪುಟ್ಟ ಕಾಲೇಜಿನ ಜೊತೆ, ಹಳೆಯ ವಿದ್ಯಾರ್ಥಿಗಳೆಲ್ಲ ಊರಿಗೆ ಬರುವ ವಾರ. ಬಂದವರು ಗೆಲುವು ನೋಡಿ ನಗುತ್ತ ಹೋಗಲಿ. ಮೂರನೆಯದು ಪಕ್ಕದವರ ಜೊತೆ. ಪಕ್ಕದವರ ಜೊತೆ ಯಾಕೆ ಆಡಬೇಕು ಎಂದು ಯಾರಾದರೂ ಕೇಳಿದರೆ ಲೋರ್ನಾ ಅವರನ್ನು ಮೇಲಿಂದ ಕೆಳಗೆ ನೋಡಿ ಹಲಗೆಯತ್ತ ತಿರುಗುತ್ತಿದ್ದಳು.

ಪಕ್ಕದವರೆಂದರೆ ಹೊಳೆಯ ಆಚೆ ದಡದ ಕೇನ್ ಕ್ರೀಕ್ ಕಾಲೇಜು. ದರ್ಜೆ ನಮ್ಮದೇ, ಒಕ್ಕೂಟ ಬೇರೆ. ನವೆಂಬರಿನ ಕೊನೆಯ ಶನಿವಾರ ಟಾಲಿವರ್ ಮತ್ತು ಕೇನ್ ಕ್ರೀಕ್ ಆಡುತ್ತ ಬಂದು ತೊಂಬತ್ತೊಂದು ವರ್ಷವಾಗಿತ್ತು. ಗೆದ್ದವರಿಗೆ ಸಿಗುವುದು ಬೆಳ್ಳಿಯೂ ಅಲ್ಲ, ಹಿತ್ತಾಳೆಯೂ ಅಲ್ಲ, ಬಟ್ಟೆ ಬೇಯಿಸುವ ಹಳೆಯ ಕಬ್ಬಿಣದ ಹಂಡೆ. ವರ್ಷವಿಡೀ ಅದು ಗೆದ್ದವರ ಮನೆಯಲ್ಲಿರುತ್ತದೆ. ಆದರೆ ಮಾರನೆಯ ಬೆಳಿಗ್ಗೆ ಸೋತ ಕಡೆಯ ಕೋಚ್ ಹೊಳೆ ದಾಟಿ ಬಂದು, ಆ ಹಂಡೆಯಲ್ಲಿ ತನ್ನ ಕೈಯಾರೆ ಕೋಳಿ, ಮೆಕ್ಕೆಜೋಳ, ಟೊಮೆಟೊ ಹಾಕಿ ಗಟ್ಟಿ ಸಾರು ಕಾಯಿಸಿ ಗೆದ್ದ ಹುಡುಗರಿಗೆ ಬಡಿಸಬೇಕು. ಬಡಿಸಿ ಮುಗಿದ ಮೇಲೆ ಇಬ್ಬರು ಕೋಚ್‌ಗಳೂ ಹಂಡೆಯ ಮೇಲೆ ಕೈ ಕುಲುಕಿ, ಬರೋ ವರ್ಷ ಎಂದರೆ ಬರೋ ವರ್ಷ. ಒಪ್ಪಂದ ಅಷ್ಟೇ. ಕಾಗದ, ಸಹಿ, ಮುರಿದರೆ ಇಷ್ಟು ದಂಡ ಎನ್ನುವ ಮಾತು ತೊಂಬತ್ತೊಂದು ವರ್ಷದಲ್ಲಿ ಯಾರ ತಲೆಗೂ ಬಂದಿರಲಿಲ್ಲ.

ಕೇನ್ ಕ್ರೀಕ್‌ನ ಕೋಚ್ ಡೆಲ್ಮರ್ ಪೆಟ್ಟಸ್, ಲೋರ್ನಾಳ ಒಡಹುಟ್ಟಿದ ಅಣ್ಣ. ಅರವತ್ತೇಳು ವಯಸ್ಸು, ಒಂದು ಮಂಡಿ ಉಕ್ಕಿನದು. ಒಂಬತ್ತು ವರ್ಷ ಒಂದೇ ಸಮನೆ ಸೋತು, ಒಂಬತ್ತು ವರ್ಷವೂ ಏಪ್ರನ್ ಕಟ್ಟಿಕೊಂಡು ಬಂದು, ತಂಗಿಯ ಕಾಲೇಜಿನ ಹುಡುಗರಿಗೆ ಸಾರು ಬಡಿಸಿ, ಉಪ್ಪು ಸಾಕೇನಪ್ಪ ಎಂದು ಕೇಳಿ ಹೋದವನು. ಬರುವ ಸೀಸನ್ನೇ ತನ್ನ ಕೊನೆಯದು ಎಂದು ಹೇಳಿಬಿಟ್ಟಿದ್ದ. ಅವನ ಕೈಗೆ ಅಪರೂಪಕ್ಕೆ ಒಳ್ಳೆಯ ತಂಡ ಸಿಕ್ಕಿತ್ತು. ಚೆಂಡೆಸೆಯುವ ಹುಡುಗನ ತೋಳು ನೋಡಿದವರು ಬಾಯಿ ಮುಚ್ಚುತ್ತಿರಲಿಲ್ಲ. ಸಾಯೋದರೊಳಗೆ ಒಂದೇ ಒಂದು ಬಟ್ಟಲು ಟಾಲಿವರ್‌ನವರು ಕಾಯಿಸಿದ ಸಾರು ಕುಡೀಬೇಕು ಮರಿ, ಎಂದು ಕ್ರಿಸ್ಮಸ್ ಊಟದಲ್ಲಿ ಲೋರ್ನಾಳಿಗೆ ಹೇಳಿದ್ದ. ಅರವತ್ತೊಂದಾದರೂ ಅವನಿಗೆ ಅವಳು ಮರಿಯೇ.

ಮಾರ್ಚ್‌ನಲ್ಲಿ ಟಾಲಿವರ್‌ನ ಹೊಸ ಕೋಚ್ ಕಿಪ್ ಸ್ಟ್ರಾಹನ್ ಲೋರ್ನಾಳ ಕೋಣೆಗೆ ಬಂದ. ಮೂವತ್ತೆಂಟರ ಪ್ರಾಯ, ಹಲ್ಲು ಬಿಳಿ, ಶೂ ಅದಕ್ಕಿಂತ ಬಿಳಿ. ಎಲ್ಲಿಂದಲೋ ಬಂದವನು, ಎಲ್ಲಿಗೋ ಹೋಗುವವನು. ಹಂಡೆಯಲ್ಲಿ ತನ್ನ ಛತ್ರಿಗಳನ್ನು ನಿಲ್ಲಿಸಿಕೊಂಡಿದ್ದ. ಅವನ ಕಣ್ಣೆಲ್ಲ ಆರು ಗೆಲುವಿನ ಮೇಲೆ. ಆರು ಪಂದ್ಯ ಗೆದ್ದ ತಂಡಕ್ಕೆ ಡಿಸೆಂಬರಿನಲ್ಲಿ ಸಮುದ್ರದ ದಡದ ಯಾವುದೋ ಊರಲ್ಲಿ ಬೌಲ್ ಎಂದು ಕರೆಯುವ ಸೀಸನ್ ಕೊನೆಯ ವಿಶೇಷ ಪಂದ್ಯ, ಟೀವಿ, ಹೋಟೆಲು, ಕೋಚ್‌ಗೆ ಹೆಸರು. ಟಾಲಿವರ್ ಹದಿನಾಲ್ಕು ವರ್ಷದಿಂದ ಅಂಥ ಪಂದ್ಯದ ಮುಖ ಕಂಡಿರಲಿಲ್ಲ.

"ಮಿಸ್ ಲೋರ್ನಾ, ಕೇನ್ ಕ್ರೀಕ್ ಚೀಟಿ ಕಿತ್ತಾಕಿ," ಎಂದ. "ಈ ವರ್ಷ ಅವರು ನಮ್ಮನ್ನ ಸೋಲಿಸ್ತಾರೆ. ಅಲ್ಲಿ ಇನ್ನೊಂದು ಸಣ್ಣ ಕಾಲೇಜು ಹಾಕಿ, ಸೆಪ್ಟೆಂಬರ್‌ನಲ್ಲೇ ಮುಗಿಸಿಬಿಡೋಣ."

ಲೋರ್ನಾ ತೊಂಬತ್ತೊಂದು ವರ್ಷದ ಮಾತೆತ್ತಿದಳು. ತೊಂಬತ್ತೊಂದು ವರ್ಷ ಆಡಿದ್ದಕ್ಕೆ ಯಾರೂ ತನಗೆ ಒಂದು ಗೆಲುವು ದಾನ ಮಾಡುವುದಿಲ್ಲ ಎಂದು ಅವನು ನಕ್ಕ. ಬೇರೆ ಯಾರ ಪಂದ್ಯ ಕಿತ್ತರೂ ದಂಡ ಕೊಡಬೇಕು, ಇವರದಕ್ಕೆ ಕಾಗದವೇ ಇಲ್ಲವಲ್ಲ, ಇದಕ್ಕಿಂತ ಸುಲಭ ಯಾವುದಿದೆ ಎಂದ.

"ಆದ್ರೆ ಕೋಚ್, ಕೆಳದರ್ಜೆಯವರನ್ನ ಎರಡು ಸಲ ಹಾಕ್ಕೊಂಡ್ರೆ..."

"ಅಣ್ಣನ ಪರ ವಕಾಲತ್ತು ಬೇಡ," ಎಂದು ಅವನು ಎದ್ದ. "ನೀವು ಸಂಬಳ ತಗೊಳ್ಳೋದು ಹೊಳೆಯ ಈ ದಡದಲ್ಲಿ."

ಲೋರ್ನಾ ಬಾಯಿ ಮುಚ್ಚಿದಳು. ಅವಳು ಹೇಳಹೊರಟದ್ದು ಚಿಕ್ಕ ಮಾತು. ಕೆಳದರ್ಜೆಯ ತಂಡಗಳನ್ನು ಎಷ್ಟು ಸಲ ಬೇಕಾದರೂ ಸೋಲಿಸಬಹುದು, ಆದರೆ ಆರರ ಲೆಕ್ಕಕ್ಕೆ ಅಂಥದ್ದು ಒಂದೇ ಬರುತ್ತದೆ. ಎರಡನೆಯದು ಬರೀ ಕಸರತ್ತು. ನಮ್ಮದೇ ದರ್ಜೆಯ ಕೇನ್ ಕ್ರೀಕ್ ವಿರುದ್ಧದ ಗೆಲುವಾದರೆ ಪೂರ್ತಿ ಲೆಕ್ಕಕ್ಕೆ. ಸ್ಟ್ರಾಹನ್ ಇಷ್ಟು ವರ್ಷ ಸಂಬಳದ ಆಟಗಾರರ ತಂಡಗಳಲ್ಲಿ ಸಹಾಯಕನಾಗಿದ್ದವನು, ಅವನಿಗೆ ಈ ನಿಯಮ ಗೊತ್ತಿರಲಿಲ್ಲ. ಟಾಲಿವರ್‌ನಲ್ಲಿ ಗೊತ್ತಿದ್ದವಳು ಅವಳೊಬ್ಬಳೇ.

ಆ ದಿನ ಹೇಳದೆ ಉಳಿದದ್ದು ಅವಮಾನಕ್ಕೆ. ಮಾರನೆಯ ದಿನ ಹೇಳದೆ ಉಳಿದದ್ದು ಹಟಕ್ಕೆ. ಮೇ ತಿಂಗಳ ಹೊತ್ತಿಗೆ ಆ ಮೌನ ಅವಳ ನಾಲಿಗೆಗೆ ರುಚಿ ಹತ್ತಿತ್ತು. ಹಲಗೆಯ ಮುಂದೆ ಸ್ಟ್ರಾಹನ್ ಬೆರಳು ಮಡಚಿ ಗೆಲುವು ಎಣಿಸುವಾಗ ಅವಳು ಕಾಫಿ ಹೀರುತ್ತ ನೋಡುತ್ತಿದ್ದಳು. ಎಣಿಸು ಮಗನೇ, ಎಣಿಸು ಎಂದುಕೊಳ್ಳುತ್ತಿದ್ದಳು. ಅದು ಒಳ್ಳೆಯ ಬುದ್ಧಿಯಲ್ಲ ಎಂದು ಅವಳಿಗೂ ತಿಳಿದಿತ್ತು.

ಅಣ್ಣನಿಗೆ ಫೋನ್ ಮಾಡಿ ಪಂದ್ಯ ಹೋಯಿತೆಂದು ಹೇಳಬೇಕಾದವಳೂ ಅವಳೇ. ಡೆಲ್ಮರ್, "ತಿಳಿಸಿದ್ದಕ್ಕೆ ಥ್ಯಾಂಕ್ಸ್, ಮಿಸ್ ಪೆಟ್ಟಸ್," ಎಂದು ಫೋನ್ ಇಟ್ಟ. ಮರಿ ಎನ್ನಲಿಲ್ಲ. ಆಮೇಲೆ ಅವಳ ಹುಟ್ಟುಹಬ್ಬಕ್ಕೂ ಅವನ ಕರೆ ಬರಲಿಲ್ಲ. ಕೊನೆಯ ಶನಿವಾರಕ್ಕೆ ಅವನು ಬೇರೆ ಯಾರನ್ನೂ ಹುಡುಕಲಿಲ್ಲ, ಹನ್ನೊಂದೇ ಪಂದ್ಯ ಆಡಿ ಸೀಸನ್ ಮುಗಿಸಿದ ಎಂದು ಅವಳಿಗೆ ಬೇರೆಯವರಿಂದ ಗೊತ್ತಾಯಿತು.

ಸ್ಟ್ರಾಹನ್ ಅಂದುಕೊಂಡ ಹಾಗೆಯೇ ನಡೆಯಿತು. ದೊಡ್ಡವರ ಕೈಯಲ್ಲಿ ಹಣ್ಣುಗಾಯಿ ನೀರುಗಾಯಿ ಆದರು, ಸಣ್ಣವರಿಬ್ಬರನ್ನೂ ಬಡಿದರು. ಅಕ್ಟೋಬರಿನಲ್ಲಿ ಚಂಡಮಾರುತ ಬಂದು ಒಕ್ಕೂಟದ ಒಂದು ಪಂದ್ಯ ಕೊಚ್ಚಿಹೋಯಿತು. ಅದನ್ನು ಮತ್ತೆ ಆಡಲು ಇಬ್ಬರಿಗೂ ಹೊಂದುವ ದಿನ ಸಿಗಲಿಲ್ಲ. ನವೆಂಬರಿನ ಕೊನೆಯ ಶನಿವಾರ, ಹಂಡೆಯ ಶನಿವಾರ, ಖಾಲಿಯಾದ ಆ ದಿನಕ್ಕೆ ಒಕ್ಕೂಟದವರು ಹಾಕಿಕೊಟ್ಟ ತಂಡವೊಂದನ್ನು ಸೋಲಿಸಿ ಆರನೆಯ ಗೆಲುವು ಕಂಡರು. ಹುಡುಗರು ಗೆದ್ದ ಸಂಭ್ರಮಕ್ಕೆ ಕೋಚ್‌ನ ತಲೆಗೆ ಐಸ್ ನೀರು ಸುರಿದರು. ಬಿಳಿ ಶೂ ಒದ್ದೆಯಾಗುವುದನ್ನು ನೋಡಲು ಲೋರ್ನಾ ಮೈದಾನದ ಅಂಚಿಗೆ ಬಂದು ನಿಂತಳು. ಎಂಟು ತಿಂಗಳು ಕಾದದ್ದು ಈ ಗಳಿಗೆಗೆ.

ಆಗ ಟೈರಸ್ ಮೇಬ್ರಿ ಓಡಿಬಂದ. ಕೊನೆಯ ವರ್ಷದವನು, ಮುಂದಿನ ಸಾಲಿನಲ್ಲಿ ನಿಂತು ನಾಲ್ಕು ವರ್ಷ ಬೇರೆಯವರ ಭಾರ ತಡೆದವನು. ಚೆಂಡು ಒಮ್ಮೆಯೂ ಅವನ ಕೈಗೆ ಬಂದಿರಲಿಲ್ಲ. ಸಹಿ ಬೇಕಾದಾಗಲೆಲ್ಲ ಲೋರ್ನಾಳ ಕೋಣೆಗೆ ಬಂದು ಅವಳ ಡಬ್ಬಿಯ ಬೇಯಿಸಿದ ಕಡಲೆಕಾಯಿ ಖಾಲಿ ಮಾಡಿ ಹೋಗುತ್ತಿದ್ದ.

"ನಮ್ಮನ್ನ ಎಲ್ಲಿಗೆ ಕಳಿಸ್ತಾರೆ ಮಿಸ್ ಲೋರ್ನಾ? ಸಮುದ್ರ ಇರೋ ಕಡೆ ಹಾಕ್ಸಿ. ನಮ್ಮಮ್ಮ ಇಪ್ಪತ್ತು ವರ್ಷದಿಂದ ಕೋಳಿ ಕಾರ್ಖಾನೇಲಿ ನಿಂತ್ಕೊಂಡಿದಾಳೆ, ಸಮುದ್ರ ನೋಡಿಲ್ಲ."

ಬೆವರು, ಮಣ್ಣು, ನಗು ತುಂಬಿದ ಮುಖ. ಲೋರ್ನಾ ಅದನ್ನು ನೋಡಿದಳು. ಎಂಟು ತಿಂಗಳಲ್ಲಿ ಅವಳು ಮನಸ್ಸಿನಲ್ಲಿ ಸಾವಿರ ಸಲ ಸ್ಟ್ರಾಹನ್‌ನ ಮುಖ ಬಾಡಿಸಿದ್ದಳು. ಈ ಮುಖ ಒಂದು ಸಲವೂ ನೆನಪಿಗೆ ಬಂದಿರಲಿಲ್ಲ. ನೋಡೋಣಪ್ಪ ಎಂದಷ್ಟೇ ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಭಾನುವಾರ ಬೆಳಿಗ್ಗೆ ಒಕ್ಕೂಟದ ಕಚೇರಿಯಿಂದ ಕಾಗದ ಬಂತು: ಲೆಕ್ಕಕ್ಕೆ ಬರುವ ಗೆಲುವು ಐದು. ಸ್ಟ್ರಾಹನ್ ಅವಳ ಮನೆ ಬಾಗಿಲಿಗೇ ಬಂದ. ಬಯ್ಯಲಿಲ್ಲ, ಬಯ್ಯುವಷ್ಟು ಜೀವವೂ ಅವನಲ್ಲಿರಲಿಲ್ಲ. ಚಂಡಮಾರುತದ ದೆಸೆಯಿಂದ ನಮಗೆ ಇನ್ನೂ ಒಂದು ಪಂದ್ಯ ಆಡಲು ಅವಕಾಶವಿದೆ, ಮುಂದಿನ ಶನಿವಾರ ಬಿಡುವಿದೆ, ಅಂದು ಆಡದೆ ಉಳಿದವರಿಗೆ ಆ ದಿನ ಬೇರೆ ಪಂದ್ಯವಿದೆ, ಇಡೀ ದೇಶದಲ್ಲಿ ಅಂಥ ಬಿಡುವಿರುವ ಇನ್ನೊಂದು ತಂಡ ಕೇನ್ ಕ್ರೀಕ್ ಒಂದೇ, ನಿಮ್ಮಣ್ಣನನ್ನು ಕೇಳಿ ಎಂದ. ಅವನ ದನಿಯಲ್ಲಿದ್ದದ್ದು ಅಪ್ಪಟ ಯಾಚನೆ.

ಲೋರ್ನಾ ಕಾಲೇಜಿಗೆ ಹೋಗಿ ಛತ್ರಿಗಳನ್ನು ನೆಲಕ್ಕೆ ಸುರಿದು, ಹಂಡೆಯನ್ನು ಪಿಕಪ್ ಗಾಡಿಯ ಹಿಂದೆ ಹಾಕಿಕೊಂಡು ಹೊಳೆ ದಾಟಿದಳು. ಡೆಲ್ಮರ್ ಚರ್ಚಿನಿಂದ ಬಂದು, ಟೈ ಸಡಿಲಿಸಿ, ಜಗಲಿಯಲ್ಲಿ ಕೂತಿದ್ದ. ಗಾಡಿಯ ಹತ್ತಿರ ಕುಂಟುತ್ತ ಬಂದು ಹಂಡೆಯೊಳಗೆ ಕೈಯಾಡಿಸಿದ. ಬೆರಳಿಗೆ ತುಕ್ಕು ಹತ್ತಿತು.

"ಎಣ್ಣೆ ಸವರಿಲ್ಲ," ಎಂದ.

ಲೋರ್ನಾ ಒಕ್ಕೂಟದ ಕಾಗದದ ವಿಷಯ ಹೇಳಿದಳು. ಮುಂದಿನ ಶನಿವಾರ ಇಲ್ಲಿಯೇ, ನಿನ್ನ ಮೈದಾನದಲ್ಲೇ ಆಡೋಣ, ನೀನು ಗೆದ್ದರೆ ನಾನೇ ನಿಂತು ಸಾರು ಕಾಯಿಸುತ್ತೇನೆ ಎಂದಳು. ಡೆಲ್ಮರ್ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ಹುಡುಗರು ಹೆಲ್ಮೆಟ್ಟು, ಪ್ಯಾಡು ಎಲ್ಲಾ ಒಪ್ಪಿಸಿ ಹಬ್ಬಕ್ಕೆ ಊರಿಗೆ ಹೋಗಿದಾರೆ. ಎಂಟು ದಿನ ಆಯ್ತು. ಮಾರ್ಚ್‌ನಲ್ಲಿ ಕರೆದಿದ್ರೆ ಈಜ್ಕೊಂಡು ಬರ್ತಿದ್ವಿ. ಈಗ ನಿಮಗೆ ಬೇಕಾಗಿರೋದು ನಾವಲ್ಲ, ಒಂದು ಗೆಲುವು. ಅದಕ್ಕೆ ಅವರನ್ನ ವಾಪಸ್ ಕರೆಯೋದಿಲ್ಲ."

ಹಾಗೆಯೇ ತಿರುಗಿದವನು ಏನೋ ಹೊಳೆದಂತೆ ನಿಂತ. "ಆ ಎರಡನೇ ಗೆಲುವಿನ ನಿಯಮ. ಅದನ್ನ ನನಗೆ ಹೇಳಿಕೊಟ್ಟವಳೇ ನೀನು."

"ಹೌದು."

"ಹಾಗಾದ್ರೆ ಗೊತ್ತಿದ್ದೂ ಹೇಳಲಿಲ್ಲ."

"ಅವನು ನಿನ್ನ ಪಂದ್ಯ ಕಿತ್ತಾಕ್ದ, ಅಣ್ಣ. ನನ್ನ ಮಾತನ್ನ ಅರ್ಧಕ್ಕೇ ನಿಲ್ಲಿಸ್ದ."

"ಉಳಿದರ್ಧ ಹೇಳಿದ್ರೆ ಅವನೇ ನನ್ನ ಪಂದ್ಯ ವಾಪಸ್ ಇಡ್ತಿದ್ದ."

ಲೋರ್ನಾಳ ಕೈ ಹಂಡೆಯ ಅಂಚಿನ ಮೇಲೆ ನಿಂತುಬಿಟ್ಟಿತು. ಇಷ್ಟು ಸರಳವಾದದ್ದು ಎಂಟು ತಿಂಗಳಲ್ಲಿ ಅವಳಿಗೆ ಹೊಳೆದಿರಲಿಲ್ಲ. ಹೊಳೆದಿತ್ತೇನೋ, ಸಿಟ್ಟು ಅದನ್ನು ಹತ್ತಿರ ಬಿಟ್ಟುಕೊಂಡಿರಲಿಲ್ಲ. ಒಂದು ಮಾತು ಪೂರ್ತಿ ಮಾಡಿದ್ದರೆ ಸ್ಟ್ರಾಹನ್ ತನ್ನ ಆಸೆಗಾಗಿಯಾದರೂ ಕೇನ್ ಕ್ರೀಕ್ ಚೀಟಿಯನ್ನು ಹಲಗೆಗೆ ಮತ್ತೆ ಅಂಟಿಸುತ್ತಿದ್ದ. ಅಣ್ಣನ ಕೊನೆಯ ಪಂದ್ಯವನ್ನು ಕಿತ್ತವನು ಸ್ಟ್ರಾಹನ್, ಅದನ್ನು ಕಿತ್ತೇ ಇಟ್ಟವಳು ತಾನು.

"ಹಂಡೆ ತಗೊಂಡು ಹೋಗಿ," ಎಂದ ಡೆಲ್ಮರ್. "ಅದು ಗೆದ್ದೋರ ಹತ್ರ ಇರಬೇಕು." ಇಡೀ ಜೀವನದಲ್ಲಿ ಅವನು ಅವಳಿಗೆ ಬಹುವಚನ ಹಾಕಿದ್ದು ಅದೇ ಮೊದಲು.

ಸೋಮವಾರ ತಂಡವನ್ನೆಲ್ಲ ಕೂಡಿಸಿ ಸ್ಟ್ರಾಹನ್ ಸುದ್ದಿ ಹೇಳಿದ. ನಿಯಮ ಅನ್ಯಾಯದ್ದು, ಒಕ್ಕೂಟದವರು ಕಣ್ಣಿಲ್ಲದವರು ಎಂದೆಲ್ಲ ಹೇಳಿ ಗೋಡೆ ನೋಡುತ್ತ ನಿಂತ. ಹುಡುಗರಲ್ಲಿ ಒಬ್ಬ, ಈ ನಿಯಮ ಇಲ್ಲಿ ಯಾರಿಗೂ ಗೊತ್ತಿರಲಿಲ್ಲವೇ ಎಂದು ಕೇಳಿದ. ಸುಮ್ಮನಿದ್ದಿದ್ದರೆ ಲೋರ್ನಾಳ ಮೇಲೆ ಯಾರೂ ಬೆರಳು ತೋರಿಸುತ್ತಿರಲಿಲ್ಲ.

"ನನಗೆ ಗೊತ್ತಿತ್ತು," ಎಂದಳು ಅವಳು ಹಿಂದಿನಿಂದ. "ಮಾರ್ಚ್‌ನಲ್ಲೇ ಗೊತ್ತಿತ್ತು. ಕೋಚ್ ಮೇಲಿನ ಸಿಟ್ಟಿಗೆ ಹೇಳಲಿಲ್ಲ."

ಸ್ಟ್ರಾಹನ್‌ನ ಮುಖ ಬಾಡಿತು, ಅವಳು ಎಂಟು ತಿಂಗಳು ಬಯಸಿದಂತೆಯೇ. ಅವಳಿಗೆ ಅದನ್ನು ನೋಡುವ ಮನಸ್ಸಾಗಲಿಲ್ಲ. ಹುಡುಗರು ಒಬ್ಬೊಬ್ಬರಾಗಿ ಅವಳ ಪಕ್ಕದಿಂದ ಹೊರಗೆ ಹೋದರು. ಕೂಗಾಡಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು, ಯಾರೂ ಕೂಗಾಡಲಿಲ್ಲ.

ಕೊನೆಗೆ ಟೈರಸ್ ಎದ್ದ. ಬಾಗಿಲ ಹತ್ತಿರ ಬಂದು, ಟೋಪಿ ತೆಗೆದು ಕೈಯಲ್ಲಿ ಹಿಡಿದು, ಎಂದಿನ ಮರ್ಯಾದೆಯಲ್ಲೇ ಮಾತಾಡಿದ.

"ಅಮ್ಮ ಆಗಲೇ ರಜ ಹಾಕಿಬಿಟ್ಟಿದಾಳೆ, ಮಿಸ್ ಲೋರ್ನಾ."