ಫ್ಯಾನು ತಿರುಗುವ ದಿಕ್ಕು

ನಿತ್ಯಾಳ ಅತ್ತೆ ಫೋನಿನಲ್ಲಿ ಒಂದೇ ಮಾತು ಹೇಳಿದ್ದರು. “ಕಾರಲ್ಲಿ ಏಸಿ ಓಡಿದ್ರೆ ಹುಡುಗೀನ ಕಳಸ್ತೀನಿ. ಇಲ್ಲಾಂದ್ರೆ ಹೆರಿಗೆ ಇಲ್ಲೇ ಧಾರಾಪುರದಲ್ಲೇ ಆಗ್ಲಿ.” ಎಂಟು ತಿಂಗಳ ಬಸುರಿ ನಿತ್ಯಾ ಹೋದ ವಾರ ಬಿಸಿಲಲ್ಲಿ ಬಸ್ಸಿಗೆ ಕಾಯುತ್ತ ನಿಂತವಳು ತಲೆಸುತ್ತಿ ಕುಸಿದಿದ್ದಳು. ಅದಾದ ಮೇಲೆ ಆ ಮಾತಿಗೆ ಎದುರಾಡಲು ಸೋಮನೂರಿನ ತವರುಮನೆಯಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಸೋಮವಾರ ಒಳ್ಳೆಯ ದಿನ. ಅದು ದಾಟಿದರೆ ಒಂಬತ್ತಕ್ಕೆ ಬೀಳುತ್ತದೆ, ಆಮೇಲೆ ಬಸುರಿಯನ್ನು ದೂರದ ದಾರಿಗೆ ಹೊರಡಿಸುವಂತಿಲ್ಲ.

ಏಸಿ ಮಾತ್ರ ಓಡುತ್ತಿರಲಿಲ್ಲ. ಹನ್ನೆರಡು ವರ್ಷದ ಕಾರು. ಮುಂದಿನ ಜಾಲರಿಯ ಹಿಂದೆ, ಕಂಡೆನ್ಸರಿಗೆ ಗಾಳಿ ಊದುವ ಫ್ಯಾನಿನ ಮೋಟಾರು ಸುಟ್ಟುಹೋಗಿತ್ತು. ಮೆಕ್ಯಾನಿಕ್ಕನನ್ನು ಕೇಳಿದರೆ ಗುರುವಾರದವರೆಗೆ ಕೈ ಬಿಡುವಿಲ್ಲ ಎಂದ.

“ಮೋಟಾರ್ ತಾನೇ?” ಎಂದರು ನಿತ್ಯಾಳ ಅಪ್ಪ ತಿರುಮಲೈಸಾಮಿ. ಮೂವತ್ತು ವರ್ಷ ಪವರ್‌ಲೂಮ್ ಓಡಿಸಿದವರು. ಬೀದಿಯಲ್ಲಿ ಯಾರ ಮಗ್ಗ ನಿಂತರೂ ಮೊದಲು ಅವರನ್ನೇ ಕರೆಯುತ್ತಿದ್ದರು. ಶನಿವಾರ ಕೊಯಮತ್ತೂರಿನ ಉಕ್ಕಡಕ್ಕೆ ಹೋಗಿ, ಹಳೆಯ ಬಿಡಿಭಾಗಗಳ ಅಂಗಡಿಯಲ್ಲಿ ಅದೇ ಅಳತೆಯ ಫ್ಯಾನು ಹುಡುಕಿ ತಂದರು.

ಭಾನುವಾರ ಮಗ್ಗಗಳಿಗೆ ರಜೆ. ಅಂಗಳದಲ್ಲಿ ಕಾರಿನ ಬಾನೆಟ್ ಎತ್ತಿ ಅಪ್ಪ ಬಗ್ಗಿದರೆ, ಕಿರಿಯ ಮಗಳು ಜಯಪ್ರಿಯಾ ಟಾರ್ಚು ಹಿಡಿದು ನಿಂತಳು. ಪದವಿ ಮುಗಿದು ಒಂದು ವರ್ಷವಾಗಿತ್ತು. ಮೂರನೆಯವರು ಎದುರಿದ್ದರೆ ಅವಳ ದನಿ ಗಂಟಲಲ್ಲೇ ಕೂತುಬಿಡುತ್ತಿತ್ತು. ಎರಡು ಇಂಟರ್‌ವ್ಯೂಗಳು ಹಾಗೇ ಹೋಗಿದ್ದವು. ಆಡಲಾಗದ್ದೆಲ್ಲ ಡೈರಿಗೆ ಹೋಗುತ್ತಿತ್ತು. ಮನಸ್ಸಿನಲ್ಲಿ ಮನೆಮಾತು ಕನ್ನಡದಲ್ಲಿ ಹೇಳಿಕೊಂಡು ತಮಿಳಿನಲ್ಲಿ ಬರೆಯುವಳು. ತಮಿಳುನಾಡಿನಲ್ಲೇ ಹುಟ್ಟಿ ಬೆಳೆದ ಆ ಮನೆಯವರಲ್ಲಿ ಯಾರಿಗೂ ಕನ್ನಡದ ಅಕ್ಷರ ಬರುತ್ತಿರಲಿಲ್ಲ. ಅಪ್ಪನೊಂದಿಗೆ ಅವಳಿಗೆ ಇನ್ನೊಂದು ತೊಡಕು. ಮಗ್ಗದ ಸದ್ದಿಗೆ ಅವರ ಕಿವಿ ಮುಕ್ಕಾಲು ಮಂದವಾಗಿತ್ತು. ಅವರಿಗೆ ಹೇಳಬೇಕಾದದ್ದನ್ನು ಬೀದಿಗೇ ಕೇಳುವಂತೆ ಹೇಳಬೇಕು.

ಬ್ಯಾಟರಿಯ ವೈರು ಕಳಚಿ, ನಾಲ್ಕು ಬೋಲ್ಟು ಬಿಚ್ಚಿ, ಹಳೆಯ ಫ್ಯಾನನ್ನು ಚೌಕಟ್ಟಿನ ಸಮೇತ ಮೇಲಕ್ಕೆಳೆದದ್ದಾಯಿತು. ಕಂಡೆನ್ಸರಿನ ಸಂದುಗಳಲ್ಲಿ ಪಕ್ಕದ ಮಗ್ಗದ ಶೆಡ್ಡಿನ ಹತ್ತಿಧೂಳು ಹಾಸಿಗೆ ತುಂಬಿದಂತೆ ಕೂತಿತ್ತು. ಪ್ರಿಯಾ ಹಲ್ಲುಜ್ಜುವ ಬ್ರಷ್ಷಿನಿಂದ ಕೈಗೆಟುಕಿದಷ್ಟನ್ನು ತೆಗೆದಳು.

ಹೊಸ ಫ್ಯಾನಿನ ಪ್ಲಗ್ಗು ಕಾರಿನ ಪ್ಲಗ್ಗಿಗೆ ಕೂಡಲಿಲ್ಲ. ಅಪ್ಪ ಎರಡನ್ನೂ ಕತ್ತರಿಸಿ ಎಸೆದರು. ಉಳಿದ ವೈರುಗಳ ಬಣ್ಣ ಎಣ್ಣೆಜಿಡ್ಡಿನಲ್ಲಿ ಮುಚ್ಚಿಹೋಗಿತ್ತು.

“ಅಣ್ಣಾ, ಯಾವುದಕ್ಕೆ ಯಾವುದು?” ಎಂದು ಕೂಗಿ ಕೇಳಿದ ಎದುರುಮನೆಯ ನವನೀತನ್. ಕೆಲಸ ನೋಡಲು ಕುರ್ಚಿ ತಂದು ಹಾಕಿಕೊಂಡೇ ಕೂತಿದ್ದ.

“ಯಾವುದಾದ್ರೂ ಸೇರ್ಸೋದು. ರಿವರ್ಸ್ ಓಡಿದ್ರೆ ಅದಲಬದಲು ಮಾಡೋದು. ಮಗ್ಗದ ಮೋಟಾರ್‌ಗೆ ಹಂಗೇ ತಾನೇ?”

ವೈರು ಸುತ್ತಿ, ಟೇಪು ಹಾಕಿ, ಬೋಲ್ಟು ಬಿಗಿದು, ಬ್ಯಾಟರಿ ಮತ್ತೆ ಜೋಡಿಸಿ, ಅಪ್ಪ ಕಾರು ಸ್ಟಾರ್ಟ್ ಮಾಡಿ ಏಸಿ ಒತ್ತಿದರು. ಫ್ಯಾನು ಗಿರ್ರೆಂದಿತು. ಶೆಡ್ಡಿನಲ್ಲಿ ಬೆಲ್ಟಿನ ಕಡೆ ನಿಂತು ಮೋಟಾರು ನೋಡುವ ಅಭ್ಯಾಸದಲ್ಲಿ, ಇಂಜಿನ್ನಿನ ಮೇಲಿಂದ ಬಗ್ಗಿ ನೋಡಿ, “ಬಲಕ್ಕೇ ತಿರುಗ್ತದೆ, ಸರಿಯಾಗೇ ಅದೆ” ಎಂದರು. ಕಾರಿನೊಳಗೆ ಕೂತಿದ್ದ ಅಮ್ಮನ ಮುಖಕ್ಕೆ ತಂಪು ಬಂತು. ಅಮ್ಮ ಅಲ್ಲಿಂದಲೇ ಧಾರಾಪುರದ ಬೀಗತಿಗೆ ಫೋನು ಹಚ್ಚಿದಳು. “ಸರಿಯಾಯ್ತು ಸಂಬಂಧಿ, ನಾಳೆ ಹತ್ತು ಗಂಟೆಗೆಲ್ಲ ಬರ್ತೀವಿ.”

ಪ್ರಿಯಾ ಕಾರಿನ ಮುಂದೆ ಕೂತು ಸ್ಪ್ಯಾನರು ಆರಿಸುತ್ತಿದ್ದಳು. ಜಾಲರಿಯಿಂದ ಹತ್ತಿಯ ಎಳೆಯೊಂದು ಹಾರಿ ಅವಳ ಹುಬ್ಬಿಗೆ ಅಂಟಿತು. ಮತ್ತೊಂದು ತುಟಿಗೆ. ಹಿಂದೆಯೇ ಬಿಸಿಗಾಳಿ. ಹೊರಗಿನ ಗಾಳಿಯನ್ನು ಒಳಕ್ಕೆ ದೂಡಬೇಕಾದ ಫ್ಯಾನು ಇಂಜಿನ್ನಿನ ಬಿಸಿಯನ್ನೇ ಎಳೆದು ಹೊರಕ್ಕೆ ಉಗುಳುತ್ತಿತ್ತು. ಮುಂದಿನಿಂದ ನೋಡಿದಾಗ ಬಲಕ್ಕೆ ತಿರುಗಬೇಕಾದ ಫ್ಯಾನನ್ನು ಅಪ್ಪ ನೋಡಿದ್ದು ಹಿಂಬದಿಯಿಂದ. ಹಿಂದಿನಿಂದ ಬಲ ಎಂದರೆ ಮುಂದಿನಿಂದ ಎಡ.

ಈಗ ತಂಪು ಬರುತ್ತದೆ. ನಾಳೆ ದಾರಿಯಲ್ಲಿ ಪಲ್ಲಡದ ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ನಿಂತರೆ ಕಂಡೆನ್ಸರು ಕಾದು ಅದೂ ಬರುವುದಿಲ್ಲ. ಹಿಂದಿನ ಸೀಟಿನಲ್ಲಿ ಅಕ್ಕ ಇರುತ್ತಾಳೆ.

ಅಷ್ಟರಲ್ಲಿ ನವನೀತನ್ ಅಪ್ಪನ ಬೆನ್ನು ತಟ್ಟುತ್ತಿದ್ದ. ಇನ್ನಿಬ್ಬರು ನೇಕಾರರೂ ಬಂದು ನಿಂತಿದ್ದರು. ಅಪ್ಪ ಕೈ ಒರೆಸಿಕೊಳ್ಳುತ್ತ ಎಂದೂ ನಗದ ಹಾಗೆ ನಗುತ್ತಿದ್ದರು. ಇವರ ಎದುರಿಗೆ ಹೇಗೆ ಹೇಳುವುದು? ಎಲ್ಲರೂ ಹೋಗಲಿ ಎಂದುಕೊಂಡಳು. ಹೋಗಲಿಲ್ಲ. ಅಪ್ಪ ಆಗಲೇ ಬಾನೆಟ್ ಮುಚ್ಚಲು ಕೈ ಎತ್ತಿದ್ದರು.

ಪ್ರಿಯಾ ಶೆಡ್ಡಿಗೆ ಹೋಗಿ ಒಂದು ಮೊಳ ನೂಲು ತಂದಳು. ಜಾಲರಿಯ ಮುಂದೆ ಹಿಡಿದು ಅಪ್ಪನ ತೋಳು ಎಳೆದಳು. ನೂಲು ಹೊರಗಡೆಗೆ ಚಾಚಿ ನಿಂತಿತು.

ಅಪ್ಪ ನೋಡಿದರು. “ಪಾಲ್ಘಾಟ್ ಕಡೆಯಿಂದ ಗಾಳಿ ಶುರುವಾಗಿ ಅದೆ, ಅಮ್ಮಿಣಿ. ಮೇ ಕೊನೆ ಅಲ್ವಾ.”

ಅವಳು ತಲೆಯಾಡಿಸಿ ಅಲ್ಲವೆಂದಳು. ಅಪ್ಪ ಬಾನೆಟ್ ಹಿಡಿದುಕೊಂಡೇ ಇದ್ದರು.

“ಫ್ಯಾನು,” ಎಂದಳು.

“ಆಂ?”

“ಫ್ಯಾನು ರಿವರ್ಸ್...”

“ಏನಮ್ಮಿಣಿ, ಜೋರಾಗಿ ಹೇಳು.”

ಬಸ್‌ಸ್ಟಾಪಿನ ನೆಲದ ಮೇಲೆ ಬಿದ್ದ ಅಕ್ಕ ಕಣ್ಣೆದುರು ಬಂದಳು. “ಫ್ಯಾನು ರಿವರ್ಸ್ ಓಡ್ತಾ ಅದೆ ಅಪ್ಪಾ! ನೀವು ಹಿಂದಿಂದ ನೋಡಿದ್ರಿ! ನಾಳೆ ಅಕ್ಕನ್ನ ಇದರಲ್ಲಿ ಕೂರಿಸಿದ್ರೆ ದಾರೀಲೇ ಬೇಯ್ತಾಳೆ!”

ಅಮ್ಮ ಕಾರಿನಿಂದ ತಲೆ ಹೊರಗೆ ಹಾಕಿದಳು.

“ಅಯ್ಯ, ಈ ಹುಡುಗಿಗೆ ಬಾಯಿ ಅದೆಯಾ?” ಎಂದ ನವನೀತನ್. “ಅಣ್ಣಾ, ಮೋಟಾರು ಉಲ್ಟಾ ಓಡ್ಸೋದನ್ನ ಯಾರತ್ರ ಕಲಿತ್ರಿ?”

ಅಪ್ಪ ನಗಲಿಲ್ಲ. ಕಾರಿನ ಮುಂದೆ ಬಂದು ಮಂಡಿಯೂರಿ, ಜಾಲರಿಗೆ ಅಂಗೈ ಒಡ್ಡಿದರು. ಪ್ರಿಯಾಳಿಗೆ ಅವರ ಮುಖ ನೋಡಲಾಗಲಿಲ್ಲ. ಕತ್ತಿನ ಮೇಲಿನ ಬೆವರನ್ನು ನೋಡಿದಳು. ಮೂವತ್ತು ವರ್ಷದಲ್ಲಿ ಯಾರೂ ಅವರಿಗೆ ಹೀಗೆ ಬೀದಿಯಲ್ಲಿ ನಿಂತು ತಪ್ಪು ತೋರಿಸಿರಲಿಲ್ಲ. ತೋರಿಸಿದವಳು ತಾನು.

ಅಪ್ಪ ಎದ್ದು ಇಂಜಿನ್ ನಿಲ್ಲಿಸಿದರು. ಟೇಪು ಬಿಡಿಸಿ ವೈರುಗಳನ್ನು ಅದಲಬದಲು ಮಾಡಿದರು. ಮತ್ತೆ ಸ್ಟಾರ್ಟ್ ಮಾಡಿ, ಈ ಸಲ ತಾವು ನೋಡಲು ಬಗ್ಗದೆ, “ನೀನೇ ನೋಡಮ್ಮಿಣಿ” ಎಂದು ದೂರ ಸರಿದು ನಿಂತರು.

ಪ್ರಿಯಾ ಅಂಗೈ ಒಡ್ಡಿದಳು. ಗಾಳಿ ಅವಳ ಬೆರಳುಸಂದಿನಿಂದ ಒಳಕ್ಕೆ ನುಗ್ಗುತ್ತಿತ್ತು.

ಮರುದಿನ ಅಪ್ಪ ಧಾರಾಪುರಕ್ಕೆ ಅವಳನ್ನೂ ಕರೆದುಕೊಂಡು ಹೋದರು. “ಆ ಫ್ಯಾನಿನ ಸದ್ದು ನನಗೆ ಕೇಳ್ಸೋದಿಲ್ಲ,” ಎಂದಷ್ಟೇ ಅಮ್ಮನಿಗೆ ಹೇಳಿದ್ದರು. ನಿತ್ಯಾಳ ಅತ್ತೆ ಮೊದಲು ತಾವು ಕಾರಿನಲ್ಲಿ ಕೂತು, ತಂಪು ನೋಡಿ, ಆಮೇಲೆ ಸೊಸೆಯನ್ನು ಕೂರಿಸಿದರು.

ವಾಪಸು ಬರುವಾಗ ಪಲ್ಲಡದಲ್ಲಿ ಲಾರಿಗಳ ಸಾಲಿನ ಹಿಂದೆ ಕಾರು ನಿಂತಿತು. ಮಧ್ಯಾಹ್ನದ ಬಿಸಿಲು ಗಾಜಿನ ಮೇಲೆ ಸುರಿಯುತ್ತಿತ್ತು. ನಿತ್ಯಾ ಹೊಟ್ಟೆಯ ಮೇಲೆ ಕೈಯಿಟ್ಟು ನಿದ್ದೆ ಹೋಗಿದ್ದಳು. ಅಪ್ಪ ಸ್ಟೀರಿಂಗ್ ಹಿಡಿದು ಮುಂದೆಯೇ ನೋಡುತ್ತ ಕೇಳಿದರು. “ಓಡ್ತದಾ?”

“ಓಡ್ತದೆ.”

“ಆಂ?”

“ಓಡ್ತಾ ಅದೆ ಅಪ್ಪಾ, ಸರಿಯಾಗೇ ಓಡ್ತಾ ಅದೆ!”

ನಿತ್ಯಾ ಬೆಚ್ಚಿ ಕಣ್ಣು ಬಿಟ್ಟಳು. “ಯಾಕೇ ಹಂಗೆ ಕೂಗ್ತೀಯ?” ಎಂದವಳು, ಚಳಿಯಾಗುತ್ತದೆಂದು ಸೆರಗು ಹೊದ್ದು ಮತ್ತೆ ಒರಗಿದಳು.